ಪರಸಿ ಮೇಲೊಂದು ಸಮುದ್ರ: ಸಂಜ್ಞೆ ಭಾಷೆಯ ಆಟ, ಆರು ವಾರದ ಲೆಕ್ಕ

ಸ್ಥಳ ಕೊಪ್ಪಳ, ಪರಸಿ ಅಂದರೆ ಚಪ್ಪಡಿ ಕಲ್ಲು ಹಾಸಿದ ನೆಲ. ಮೂರರಿಂದ ಆರು ವಯಸ್ಸಿನ ಒಂಬತ್ತು ಮಕ್ಕಳು. ಇಬ್ಬರಿಗೆ ಕಿವಿ ಕೇಳುವುದಿಲ್ಲ, ಏಳು ಮಕ್ಕಳಿಗೆ ಕೇಳುತ್ತದೆ. ಸಮುದ್ರ ಯಾರೂ ಕಂಡಿಲ್ಲ. ಆದರೂ ಸಂಜ್ಞೆ ಕಲಿಸುವ ಆಟಕ್ಕೆ ಅದನ್ನೇ ಆರಿಸಿದ್ದಕ್ಕೆ ಕಾರಣವಿದೆ: ಮೀನು, ಏಡಿ, ಅಲೆ, ದೋಣಿ, ಇವುಗಳ ಸಂಜ್ಞೆಗಳು ನೋಡಿದ ಕೂಡಲೇ ಅರ್ಥವಾಗುವಂಥವು. ಆಟಕ್ಕೆ ಬೇಕಾದ ಉಸುಕು, ನೀರು ಎಲ್ಲಿಯೂ ಸಿಗುತ್ತವೆ.

ಶುರುವಿಗೆ ಮುಂಚೆ

ಹನ್ನೆರಡು ಪದ ಸಾಕು ಎಂದು ನಿಗದಿ ಮಾಡಿದೆವು: ಸಮುದ್ರ, ನೀರು, ಉಸುಕು, ಅಲೆ, ಮೀನು, ಏಡಿ, ದೋಣಿ, ಚಿಪ್ಪು, ಬಿಸಿಲು, ಉಪ್ಪು, ಇನ್ನೂ ಬೇಕು, ಮುಗೀತು. ಕೊನೆಯ ಎರಡಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ, ಆದರೆ ಮಕ್ಕಳು ದಿನವಿಡೀ ಬಳಸುವುದು ಅವನ್ನೇ.

ಎಲ್ಲ ಸಂಜ್ಞೆಗಳನ್ನೂ ಭಾರತೀಯ ಸಂಜ್ಞೆ ಭಾಷೆಯಿಂದ, ಅಂದರೆ ಐಎಸ್‌ಎಲ್‌ನಿಂದ ತೆಗೆದುಕೊಂಡಿದ್ದು. ದೆಹಲಿಯಲ್ಲಿ 2015ರಲ್ಲಿ ಶುರುವಾದ, ಈ ಭಾಷೆಯ ಸಂಶೋಧನೆ ಮತ್ತು ತರಬೇತಿಯ ಸರ್ಕಾರಿ ಕೇಂದ್ರವಾದ ಐಎಸ್‌ಎಲ್‌ಆರ್‌ಟಿಸಿ ಸಂಸ್ಥೆಯ ವಿಡಿಯೋ ನಿಘಂಟಿದೆ. 2018ರಲ್ಲಿ 3,000 ಪದ ಇದ್ದದ್ದು 2021ಕ್ಕೆ 10,000 ಆಯಿತು. ಇಲ್ಲೊಂದು ಗುಂಡಿ ಇದೆ, ಹೊಸಬರು ಬೀಳುವುದೇ ಅದರಲ್ಲಿ. ಯೂಟ್ಯೂಬ್‌ನಲ್ಲಿ ಇಂಗ್ಲಿಷ್‌ನಲ್ಲಿ ಹುಡುಕಿದರೆ ಮೊದಲು ಬರುವುದು ಅಮೆರಿಕದ ಅಥವಾ ಬ್ರಿಟನ್‌ನ ಸಂಜ್ಞೆ. ಬ್ರಿಟನ್‌ನ ಮಕ್ಕಳ ಟಿವಿಯಲ್ಲಿ ಕಾಣುವ ಮಕಾಟನ್ ಅಂತೂ ಪೂರ್ತಿ ಭಾಷೆಯೇ ಅಲ್ಲ. ಮಾತಾಡುತ್ತಲೇ ಮುಖ್ಯ ಪದಗಳಿಗೆ ಮಾತ್ರ ಕೈ ಮಾಡುವ ಪದ್ಧತಿ. ಅಲ್ಲಿಯವರಿಗೆ ಅದು ಉಪಯುಕ್ತ. ನಮ್ಮ ಮಕ್ಕಳು ನಾಳೆ ಗಂಗಾವತಿಯಲ್ಲೋ ಬಳ್ಳಾರಿಯಲ್ಲೋ ಒಬ್ಬ ಕಿವುಡರ ಜೊತೆ ಮಾತಾಡಬೇಕಾದವರು. ಬೆರಳಕ್ಷರದಲ್ಲೇ ವ್ಯತ್ಯಾಸ ನೋಡಿ: ಅಮೆರಿಕದ್ದು ಒಂದೇ ಕೈಯದು, ನಮ್ಮದು ಎರಡು ಕೈಯದು.

ನಿಘಂಟು ಒಂದಿದ್ದರೆ ಸಾಲದು. ಊರಿಂದೂರಿಗೆ ಸಂಜ್ಞೆ ಬದಲಾಗುತ್ತದೆ. ಕಿವುಡ ಹಿರಿಯರೊಬ್ಬರು ಹನ್ನೆರಡೂ ಪದಗಳನ್ನು ನೋಡಿ ತಿದ್ದಿಕೊಟ್ಟ ಮೇಲೆಯೇ ಮಕ್ಕಳ ಮುಂದೆ ಇಟ್ಟಿದ್ದು. ಅವರ ಕೈ ನಿಘಂಟಿಗಿಂತ ಬೇರೆ ಇದ್ದ ಕಡೆ ಎರಡನ್ನೂ ಉಳಿಸಿಕೊಂಡೆವು.

ಮೊದಲ ವಾರ: ಟಿವಿ

32 ಇಂಚಿನ ಟಿವಿ. ಮಕ್ಕಳು ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು, ಹಾಗಾಗಿ ಗೋಡೆಯಿಂದ ಇಳಿಸಿ ಸ್ಟೂಲಿನ ಮೇಲೆ ಇಟ್ಟು ಹಿಂದಿನಿಂದ ಬಿಗಿಯಾಗಿ ಕಟ್ಟಿದೆವು. ಕಿಟಕಿಗೆ ಎದುರಾಗಿದ್ದಾಗ ಬೆಳಗ್ಗೆ ಹತ್ತರ ಬಿಸಿಲು ಪರದೆ ಮೇಲೆ ಬಿದ್ದು ಬೆರಳೇ ಕಾಣಲಿಲ್ಲ. ಪಕ್ಕದ ಗೋಡೆಗೆ ತಿರುಗಿಸಿದ ಮೇಲೆ ಸರಿಹೋಯಿತು.

ನೆಟ್ ನಿಧಾನವಾದರೆ ವಿಡಿಯೋ ತಾನಾಗಿ 240ಪಿಗೆ ಇಳಿಯುತ್ತದೆ. ಕಾರ್ಟೂನಿಗೆ ಅದು ನಡೆಯುತ್ತದೆ, ಸಂಜ್ಞೆಗೆ ನಡೆಯುವುದಿಲ್ಲ: ಬೆರಳು ಮಸುಕಾಗಿ ಎರಡು ಬೆರಳೋ ಮೂರು ಬೆರಳೋ ತಿಳಿಯದು. ಹಿಂದಿನ ದಿನವೇ 720ಪಿಯಲ್ಲಿ ಇಳಿಸಿಟ್ಟುಕೊಳ್ಳುವುದು ಕ್ಷೇಮ, ಕರೆಂಟಿನ ಕಣ್ಣಾಮುಚ್ಚಾಲೆ ಬೇರೆ ಇದೆ. ವೇಗ 0.75ರವರೆಗೆ ಇಳಿಸಬಹುದು. 0.5ಕ್ಕೆ ಇಳಿಸಿದರೆ ಮಕ್ಕಳು ಆ ಜಗ್ಗಾಟವನ್ನೇ ಕಲಿಯುತ್ತಾರೆ, ಯಾಕೆಂದರೆ ಸಂಜ್ಞೆಯಲ್ಲಿ ಚಲನೆಯೂ ಪದದ ಭಾಗ.

ಕೇಂದ್ರ ಸರ್ಕಾರದ ಪಾಠದ ಟಿವಿ ವಾಹಿನಿಗಳಾದ ಪಿಎಂ ಇ-ವಿದ್ಯಾದಲ್ಲಿ 31ನೇ ವಾಹಿನಿ 2024ರ ಡಿಸೆಂಬರ್‌ನಿಂದ ಸಂಜ್ಞೆ ಭಾಷೆಗೇ ಮೀಸಲು. ಇಷ್ಟು ಚಿಕ್ಕವರಿಗೆ ಅದು ಭಾರ. ಕಲಿಸುವವರು ತಮ್ಮ ಕೈ ಪಳಗಿಸಿಕೊಳ್ಳಲು ನೋಡಬೇಕು.

ಮೊದಲ ಎರಡು ದಿನ ಇಪ್ಪತ್ತು ನಿಮಿಷ ಬಿಡದೆ ತೋರಿಸಿ ಕೆಟ್ಟೆವು. ಪರದೆಯಲ್ಲಿ ಮೀನಿನ ಚಿತ್ರ ಒಂದು ಕಡೆ, ಮೂಲೆಯ ಪೆಟ್ಟಿಗೆಯಲ್ಲಿ ಸಂಜ್ಞೆ ಮಾಡುವವರು, ಪಕ್ಕದಲ್ಲಿ ನಾವೂ ಕೈ ಆಡಿಸುತ್ತಿದ್ದೆವು. ಕಿವಿ ಕೇಳುವ ಮಗು ಮೀನನ್ನು ನೋಡುತ್ತಲೇ ಹೆಸರು ಕೇಳಿಸಿಕೊಳ್ಳುತ್ತದೆ. ಕೇಳದ ಮಗು ಮೀನನ್ನು ನೋಡಬೇಕು, ಇಲ್ಲವೆ ಕೈಯನ್ನು. ಎರಡೂ ಒಟ್ಟಿಗೆ ಆಗದು. ಮೂರನೇ ದಿನದಿಂದ ಹೀಗೆ: ಚಿತ್ರ ಬಂದ ಕೂಡಲೇ ನಿಲ್ಲಿಸು, ಮಗು ಕಣ್ತುಂಬ ನೋಡಲಿ, ತಾನಾಗಿ ನಮ್ಮ ಕಡೆ ತಿರುಗುವವರೆಗೆ ಕಾಯಿ, ಆಮೇಲೆ ಕೈ ಎತ್ತು. ಒಮ್ಮೊಮ್ಮೆ ಐದಾರು ಸೆಕೆಂಡ್ ಬೇಕಾಗುತ್ತದೆ. ದಿನಕ್ಕೆ ಎಂಟು ನಿಮಿಷ, ಎರಡೇ ಪದ.

ಕರೆಯುವುದಕ್ಕೆ ‘ಏ ತಮ್ಮಾ, ಇಲ್ಲಿ ನೋಡೋ’ ಅಂದರೆ ಪ್ರಯೋಜನವಿಲ್ಲ. ನೆಲಕ್ಕೆ ಕಾಲು ಬಡಿದು ಕರೆಯುವ ಉಪಾಯ ಹಲಗೆ ನೆಲಕ್ಕೆ ಸರಿ. ಮಣ್ಣಿನ ಮೇಲೆ ಕೂರಿಸಿದ ಪರಸಿ ಕಲ್ಲಿನಲ್ಲಿ ಅದುರು ಮುಟ್ಟುವುದೇ ಇಲ್ಲ. ಭುಜ ಮೆಲ್ಲಗೆ ತಟ್ಟುವುದು, ಇಲ್ಲವೆ ಕಣ್ಣಂಚಿಗೆ ಬೀಳುವಂತೆ ಕೈ ಬೀಸುವುದು. ಗದ್ದ ಹಿಡಿದು ಮುಖ ತಿರುಗಿಸುವುದಂತೂ ಬೇಡವೇ ಬೇಡ.

ಎರಡನೇ ವಾರ: ಉಸುಕು

ಗಾರೆ ಕೆಲಸದ ಅಗಲ ಬುಟ್ಟಿ ಎರಡು, ತಲಾ ಹತ್ತು ಕಿಲೋ ಉಸುಕು. ಮೊದಲು ತಂದದ್ದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಉಸುಕು. ಅದರಲ್ಲಿ ಕಲ್ಲಿನ ಧೂಳು ಹೆಚ್ಚು, ಕಣ್ಣಿಗೆ ಬೀಳುತ್ತದೆ, ಹರಳಿನ ಅಂಚು ಚೂಪು. ಹೊಳೆ ಉಸುಕನ್ನು ಸಾಣಿಗೆ ಹಿಡಿದು ಮೂರು ನೀರಲ್ಲಿ ತೊಳೆದು ಒಣಗಿಸಿದ್ದು ಸರಿಯಾಯಿತು. ಗೋಪುರ ನಿಲ್ಲಲು ಎಂಟು ಲೋಟ ಉಸುಕಿಗೆ ಒಂದು ಲೋಟ ನೀರು.

ಶ್ರವಣ ಸಾಧನ ಹಾಕಿಕೊಳ್ಳುವ ಮಗು ಇದ್ದರೆ ಆಟಕ್ಕೆ ಮುಂಚೆ ತೆಗೆದು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಮೈಕಿನ ಸಣ್ಣ ತೂತಿಗೆ ಉಸುಕು ಹೊಕ್ಕರೆ ಮನೆಯಲ್ಲಿ ತೆಗೆಯಲಾಗದು.

ಮೀನುಗಳನ್ನು ಹಳೆ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಕತ್ತರಿಸಿದೆವು. ತೇಲುತ್ತವೆ, ನೆನೆದು ಹಾಳಾಗುವುದಿಲ್ಲ. ಮೂತಿಗೆ ಒಂದು ಕಬ್ಬಿಣದ ಯು-ಪಿನ್, ಗಾಳದ ದಾರಕ್ಕೆ ಹಳೆ ಸ್ಪೀಕರಿನ ದೊಡ್ಡ ಉಂಗುರ ಅಯಸ್ಕಾಂತ. ಗುಂಡಿಯಷ್ಟು ಚಿಕ್ಕ ಅಯಸ್ಕಾಂತ ಬೇಡ: ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಅಂಟಿಕೊಂಡು ತೂತು ಮಾಡುತ್ತವೆ. ಕವಡೆಯನ್ನೂ ಅದೇ ಕಾರಣಕ್ಕೆ ಬಿಟ್ಟೆವು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂರನೇ ವಾರ: ಕೈ ಎಲ್ಲಿ ತಪ್ಪುತ್ತದೆ

ಮೀನು: ಅಂಗೈ ಚಪ್ಪಟೆ, ಹೆಬ್ಬೆರಳು ಮೇಲೆ, ಮಣಿಕಟ್ಟಿನಿಂದ ಅತ್ತಿತ್ತ ಆಡಿಸುತ್ತ ಮುಂದಕ್ಕೆ. ಮೂರು ವರ್ಷದವರು ಮಣಿಕಟ್ಟು ಬಿಟ್ಟು ಭುಜದಿಂದಲೇ ಇಡೀ ತೋಳು ಬೀಸುತ್ತಾರೆ. ಮೀನು ಹೋಗಿ ಆನೆಯ ಸೊಂಡಿಲಾಗುತ್ತದೆ. ಇದು ತಪ್ಪಲ್ಲ, ವಯಸ್ಸು. ಭುಜ, ಮೊಣಕೈ ಮೊದಲು ಹಿಡಿತಕ್ಕೆ ಬರುತ್ತವೆ. ಮಣಿಕಟ್ಟು, ಬೆರಳು ನಂತರ. ಮಾತು ಕಲಿಯುವ ಕೂಸು ‘ರೊಟ್ಟಿ’ಗೆ ‘ಲೊತ್ತಿ’ ಅಂದ ಹಾಗೆ. ಕೈ ಹಿಡಿದು ತಿದ್ದದೆ, ನಾವು ಸರಿಯಾಗಿ ಮಾಡಿ ತೋರಿಸಿ ಮುಂದೆ ಹೋಗುತ್ತೇವೆ.

ಮುಷ್ಟಿ, ಬಿಚ್ಚಿದ ಅಂಗೈ, ತೋರುಬೆರಳು ಈ ಮೂರು ಆಕಾರ ಬೇಗ ಬರುತ್ತವೆ. ಏಡಿಯ ಕೊಂಬಿನ ಹಾಗೆ ಬೆರಳು ಚಿವುಟುವುದು ಕಷ್ಟ, ಇಡೀ ಕೈ ಮುಚ್ಚಿ ಬಿಚ್ಚುತ್ತಾರೆ. ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಚಿಪ್ಪು ಎತ್ತುವ ಆಟ ಐದು ದಿನ ಆಡಿಸಿದ ಮೇಲೆ ನಾಲ್ವರ ಏಡಿ ಗುರುತು ಹತ್ತುವಂತಾಯಿತು.

ಎದುರು ಕೂತು ಕಲಿಸಿದರೆ ಅಂಗೈ ತಿರುಗುಮುರುಗಾಗುತ್ತದೆ: ನಮ್ಮ ಅಂಗೈ ಮಗುವಿಗೆ ಕಂಡಿದ್ದನ್ನು ಮಗು ತನ್ನ ಅಂಗೈಯನ್ನು ತನಗೇ ಕಾಣುವಂತೆ ಮಾಡುತ್ತದೆ. ಪಕ್ಕದಲ್ಲಿ ಕೂತು, ಎದುರಿಗೆ ಕನ್ನಡಿ ಇಟ್ಟುಕೊಂಡರೆ ಗೊಂದಲ ಕಡಿಮೆ. ಎಡಗೈ ಮಗು ಎಡಗೈಯನ್ನೇ ಮುಂದಿಡಲಿ, ಅರ್ಥ ಕೆಡುವುದಿಲ್ಲ. ಇನ್ನು ಕಲಿಸುವವರ ಬಟ್ಟೆ: ಹೂವಿನ ಚಿತ್ತಾರದ ಸೀರೆಯ ಮುಂದೆ ಬೆರಳು ಕಳೆದುಹೋಗುತ್ತದೆ. ಒಂದು ಕಡು ನೀಲಿ ಏಪ್ರನ್ ಸಾಕು.

ನಾಲ್ಕನೇ ವಾರ: ಉಪ್ಪು

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ದೊಡ್ಡ ಚಮಚ ಪುಡಿ ಉಪ್ಪು ಕರಗಿಸಿ, ಬೆರಳು ಅದ್ದಿ ನೆಕ್ಕುವಷ್ಟು ಮಾತ್ರ ಕೊಟ್ಟೆವು. ಮುಖ ಕಿವುಚಿಕೊಂಡದ್ದೇ ಪಾಠ. ಸಂಜ್ಞೆಯಲ್ಲಿ ಮುಖಭಾವ ವ್ಯಾಕರಣದ ಭಾಗ, ಅದನ್ನು ಹೇಳಿ ಕಲಿಸುವುದು ಕಷ್ಟ. ಇಲ್ಲಿ ‘ನೀರು’, ‘ಉಪ್ಪು’ ಜೊತೆಗೆ ಮುಖವೂ ತಾನಾಗಿ ಬಂತು.

ಪ್ರಶ್ನೆಯೂ ಸುಲಭವಾಯಿತು. ಐಎಸ್‌ಎಲ್‌ನಲ್ಲಿ ಪ್ರಶ್ನೆಪದ ಕೊನೆಗೆ: ಮೀನು ಎಲ್ಲಿ? ಕನ್ನಡದ ಕಿವಿಗೆ ಇದು ಹೊಸದೇ ಅಲ್ಲ.

ಗಾಳದ ಆಟದಲ್ಲಿ ಒಂದು ಎಚ್ಚರ. ‘ಸಂಜ್ಞೆ ಮಾಡಿದರೆ ಮಾತ್ರ ಗಾಳ ಕೊಡ್ತೀನಿ’ ಎಂದು ಹಿಡಿದು ಕೂತರೆ ಮಗು ಅಳುತ್ತದೆ, ಭಾಷೆ ಶಿಕ್ಷೆಯಾಗುತ್ತದೆ. ಕೈ ಅರ್ಧ ಎತ್ತಿದರೂ ಕೊಟ್ಟುಬಿಡಬೇಕು.

ಐದನೇ ವಾರ

ಹೊಸ ಪದವಿಲ್ಲ, ಪುನರಾವರ್ತನೆ. ಉಸುಕು, ಚಿಪ್ಪು ಇನ್ನೂ ಹದಕ್ಕೆ ಬಂದಿಲ್ಲ. ‘ಮುಗೀತು’ ಎಲ್ಲರಿಗೂ ಬರುತ್ತದೆ, ಊಟದ ತಟ್ಟೆ ಮುಂದೆ ವಿಶೇಷವಾಗಿ.

ಆರನೇ ವಾರ: ಹಿನ್ನೀರು

ತುಂಗಭದ್ರಾ ಹಿನ್ನೀರಿನ ದಂಡೆಗೆ ಬೆಳಗ್ಗೆ ಎಂಟಕ್ಕೆ, ಬಿಸಿಲೇರುವ ಮುಂಚೆ. ಆಚೆ ದಡ ಕಾಣದಿದ್ದದ್ದಕ್ಕೆ ಏಳು ಮಕ್ಕಳು ‘ಸಮುದ್ರ’ ಅಂದರು. ಬೆರಳು ಅದ್ದಿ ನೋಡಲು ಹೊರಟವರನ್ನು ತಡೆಯಬೇಕಾಯಿತು; ಆ ನೀರು ಬಾಯಿಗಿಡುವಂಥದ್ದಲ್ಲ.

ದೋಣಿ ಸಂಜ್ಞೆಯಲ್ಲಿ ಎರಡು ಅಂಗೈ ಚೂಪಾಗಿ ಕೂಡಿ ಮುಂದಕ್ಕೆ ಸಾಗುತ್ತವೆ. ದಂಡೆಯಲ್ಲಿದ್ದದ್ದು ಗುಂಡನೆಯ ಹರಿಗೋಲು. ಕಿವಿ ಕೇಳದ ಐದು ವರ್ಷದ ಹುಡುಗಿ ಮೊದಲು ದೋಣಿ ಮಾಡಿದಳು, ಹರಿಗೋಲು ನೋಡಿದಳು, ತಲೆ ಅಲ್ಲಾಡಿಸಿದಳು. ಆಮೇಲೆ ಎರಡೂ ಕೈ ಬೋಗುಣಿಯಂತೆ ಹಿಡಿದು ಗಿರ್ರನೆ ತಿರುಗಿಸಿ ಮುಂದಕ್ಕೆ ಒಯ್ದಳು. ಯಾರೂ ಕಲಿಸಿದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದ ಎಂಟೂ ಮಕ್ಕಳ ಕೈಯಲ್ಲಿ ಅದೇ ತಿರುಗುತ್ತಿತ್ತು. ಪಟ್ಟಿಗೆ ಹದಿಮೂರನೆಯದಾಗಿ ಸೇರಿಸಿದ್ದೇವೆ; ಕಿವುಡ ಹಿರಿಯರು ಮುಂದಿನ ವಾರ ಬಂದಾಗ ಅವರ ಕೈಯಲ್ಲಿ ಹರಿಗೋಲು ಹೇಗೆ ತೇಲುತ್ತದೆ ಎಂದು ಕೇಳುವುದಿದೆ.