ಎಚ್4ಗೆ ಎಚ್5 ಏಕೆ? ಕ್ಯಾರೊ-ಕಾನ್ ಬಾಯಿಪಾಠದ ನಡುವೆ

ಚದುರಂಗದಲ್ಲಿ ಕಪ್ಪು ಕಾಯಿಗಳಿಂದ ಆಡುವಾಗ ಎದುರಾಳಿಯ ಇ4 ನಡೆಗೆ ನನ್ನ ಉತ್ತರ ಸಿ6 (ಅಕ್ಷರ ಹಲಗೆಯ ಕಂಬಸಾಲನ್ನೂ ಅಂಕಿ ಅಡ್ಡಸಾಲನ್ನೂ ಸೂಚಿಸುತ್ತದೆ, ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ). ಹೊರೇಷಿಯೊ ಕ್ಯಾರೊ ಮತ್ತು ಮಾರ್ಕಸ್ ಕಾನ್ 1886ರಲ್ಲಿ ವಿಶ್ಲೇಷಿಸಿದ ಈ ಡಿಫೆನ್ಸ್, ಅಂದರೆ ಕಪ್ಪಿನ ಆರಂಭದ ನಡೆಗಳ ಕ್ರಮ, ಅವರಿಬ್ಬರ ಹೆಸರನ್ನೇ ಹೊತ್ತಿದೆ. ಇದರ ಕವಲುಗಳನ್ನು ನೆನಪಿಟ್ಟುಕೊಳ್ಳಲು ನಾನು ಚೆಸ್ಸಬಲ್ ಎಂಬ ತರಬೇತಿ ತಾಣವನ್ನು ಬಳಸುತ್ತೇನೆ. ಪರದೆಯ ಮೇಲೆ ಒಂದು ಸ್ಥಿತಿ ಮೂಡುತ್ತದೆ. ಸರಿಯಾದ ನಡೆ ಆಡಿದರೆ ಅದೇ ಪ್ರಶ್ನೆ ಕೆಲವು ಗಂಟೆಗಳ ನಂತರ, ಆಮೇಲೆ ಒಂದು ದಿನ, ಒಂದು ವಾರ, ಒಂದು ತಿಂಗಳು ಹೀಗೆ ಹಿಗ್ಗುತ್ತ ಹೋಗುವ ಅಂತರದಲ್ಲಿ ಮರಳಿ ಬರುತ್ತದೆ, ತಪ್ಪಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ.

ಮರೆವು ಹೇಗೆ ಆವರಿಸುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಇಂತಹ ಅಭ್ಯಾಸಕ್ರಮದ ಮೂಲಪುರುಷ. ಆತ ತನ್ನ ಮೇಲೆಯೇ ನಡೆಸಿಕೊಂಡ ಆ ಪ್ರಯೋಗಗಳಲ್ಲಿ ಬಾಯಿಪಾಠಕ್ಕೆ ಆರಿಸಿಕೊಂಡದ್ದು ಬೇಕೆಂದೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಚದುರಂಗದ ನಡೆಗಳಿಗಾದರೋ ಅರ್ಥವಿದೆ, ಮತ್ತು ತಂತ್ರಾಂಶ ಆ ಅರ್ಥವನ್ನು ಕೇಳುವುದೇ ಇಲ್ಲ ಎಂಬುದು ನನ್ನ ತಕರಾರು. ಮಗ್ಗಿ ಒಪ್ಪಿಸಿದಂತೆ ನಡೆಗಳನ್ನು ಒಪ್ಪಿಸಿದರೂ ಅದು ಹಸಿರು ಗುರುತು ಹಾಕಿ ಮುಂದಕ್ಕೆ ಕಳುಹಿಸುತ್ತದೆ.

ಬಿಳಿ ತನ್ನ ಕಾಲಾಳನ್ನು ಇ5ಗೆ ಮುಂದೊತ್ತುವ ಅಡ್ವಾನ್ಸ್ ವೇರಿಯೇಷನ್ ಎಂಬ ಕವಲನ್ನೇ ನೋಡಿ: 1. ಇ4 ಸಿ6 2. ಡಿ4 ಡಿ5 3. ಇ5, ಅದಕ್ಕೆ ಕಪ್ಪು ಒಂಟೆ ಎಫ್5ಗೆ ಬರುತ್ತದೆ. ಈಗ ಬಿಳಿ ಎಚ್4 ಆಡಿದರೆ ಸಹಜವಾಗಿ ಕಾಣುವ ಇ6 ಆಡುವಂತಿಲ್ಲ. ಆಡಿದರೆ ಜಿ4 ಬಂದು ಒಂಟೆಯನ್ನು ಅಟ್ಟುತ್ತದೆ. ಒಂಟೆ ಇ4ಗೆ ಹೋದರೆ ಎಫ್3, ಜಿ6ಗೆ ಮರಳಿದರೆ ಎಚ್5, ಅಲ್ಲಿಂದ ಹಿಂದೆ ಸರಿಯಲು ಎಚ್7ರಲ್ಲಿ ನಮ್ಮದೇ ಕಾಲಾಳು ಅಡ್ಡ ನಿಂತಿದೆ. ಇ6 ಬದಲು ಕಪ್ಪು ಆಡುವ ಎಚ್5 ನಡೆ ಈ ಬೇಟೆಯನ್ನೇ ತಡೆಯುತ್ತದೆ, ಆದರೆ ಜಿ5 ಮನೆಯನ್ನು ಬಿಳಿಯ ಒಂಟೆಗೆ ಬಿಟ್ಟುಕೊಡುತ್ತದೆ. ಎಚ್6 ಆಡಿ ಎಚ್7 ಮನೆಯನ್ನು ತೆರವು ಮಾಡಿಕೊಳ್ಳುವುದೂ ತಕ್ಕ ಉತ್ತರವೇ, ಆದರೂ ನಾನು ಕಲಿಯುತ್ತಿರುವ ಪಟ್ಟಿಯಲ್ಲಿ ಅದಿಲ್ಲದ ಕಾರಣ ಆಡಿದೊಡನೆ ಕೆಂಪು ಗುರುತು ಬೀಳುತ್ತದೆ. ಪಟ್ಟಿಯಲ್ಲಿಲ್ಲದ ನಡೆಗೂ ಕೆಟ್ಟ ನಡೆಗೂ ಇರುವ ಅಂತರವನ್ನು ಆಡುವವನೇ ಅರಿತಿರಬೇಕು.

ಈ ವಿಷಯದಲ್ಲಿ ವಿಶ್ವನಾಥನ್ ಆನಂದ್ ಅವರ ಒಂದು ಆಟಕ್ಕಿಂತ ಚುರುಕಾದ ಉದಾಹರಣೆ ನನಗೆ ತಿಳಿದಿಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡ್‌ನ ಬೀಲ್‌ನಲ್ಲಿ ಕೊಲಂಬಿಯಾದ ಅಲೊನ್ಸೊ ಜಪಾಟಾ ವಿರುದ್ಧ ಕಪ್ಪು ಕಾಯಿಗಳಿಂದ ಪೆಟ್ರೊಫ್ ಡಿಫೆನ್ಸ್ ಎಂಬ ಇನ್ನೊಂದು ಆರಂಭ ಆಡುತ್ತ ಅವರು ಐದನೆಯ ನಡೆಯಲ್ಲಿ ಒಂಟೆಯನ್ನು ಎಫ್5ಗೆ ತಂದರು. ಹಿಂದಿನ ವರ್ಷ ಟೋನಿ ಮೈಲ್ಸ್ ಮತ್ತು ಲ್ಯಾರಿ ಕ್ರಿಶ್ಚಿಯನ್‌ಸನ್ ನಡುವಿನ ಆಟದಲ್ಲಿ ಇದೇ ನಡೆ ಬಂದಿತ್ತು. ಮೈಲ್ಸ್ ಅದರ ಲಾಭ ಪಡೆಯದೆ ಆಟ ಡ್ರಾ ಆಗಿತ್ತು. ಜಪಾಟಾ ಮಾತ್ರ ಮಂತ್ರಿಯನ್ನು ಇ2 ಮನೆಗೆ ತಂದು ನಿಲ್ಲಿಸಿದರು. ಇ4ರಲ್ಲಿದ್ದ ಕಪ್ಪು ಕುದುರೆ ತನ್ನ ರಾಜನ ಮುಂದೆಯೇ ಸಿಕ್ಕಿಬಿದ್ದು ಕದಲಲಾಗದಂತಾಯಿತು, ಆನಂದ್ ಅಲ್ಲಿಯೇ ಸೋಲೊಪ್ಪಿದರು. ಅಂದು ಇಂತಹ ತರಬೇತಿ ತಾಣಗಳಿದ್ದಿದ್ದರೆ ಆ ಡ್ರಾ ಆಟದ ನಡೆಗಳು ಯಾವುದೋ ಪಟ್ಟಿ ಸೇರಿ ಎಷ್ಟು ಜನರಿಗೆ ಹಸಿರು ಗುರುತು ತಂದುಕೊಡುತ್ತಿದ್ದವೋ!

ಹಾಗಾಗಿ ಸಿದ್ಧ ಕೋರ್ಸ್‌ನ ಎಲ್ಲ ಕವಲುಗಳನ್ನೂ ನಾನು ತುಂಬಿಕೊಳ್ಳುವುದಿಲ್ಲ. ಫ್ರಾನ್ಸ್‌ನ ತಿಬೊ ಡುಪ್ಲೆಸಿ 2010ರಲ್ಲಿ ಆರಂಭಿಸಿದ ಉಚಿತ ತಾಣ ಲಿಚೆಸ್‌ನಲ್ಲಿ ಆಡಿದ ಆಟಗಳಲ್ಲಿ ಯಾವ ನಡೆ ಎಷ್ಟು ಬಾರಿ ಬಂದಿದೆಯೆಂದು ತೋರಿಸುವ ಓಪನಿಂಗ್ ಎಕ್ಸ್‌ಪ್ಲೋರರ್ ಎಂಬ ಸೌಲಭ್ಯವಿದೆ. ಅಲ್ಲಿ ಮಾಸ್ಟರ್‌ಗಳ ಆಟಗಳನ್ನು ಬದಿಗಿಟ್ಟು ನನ್ನ ಮಟ್ಟದ ರೇಟಿಂಗ್ ಮತ್ತು ರ‍್ಯಾಪಿಡ್ ಆಟಗಳನ್ನಷ್ಟೇ ಆಯ್ದುಕೊಂಡರೆ, ನನ್ನಂಥವರ ಎದುರು ನಿಜವಾಗಿ ಯಾವ ನಡೆಗಳು ಬರುತ್ತವೆಂದು ಗೊತ್ತಾಗುತ್ತದೆ. ಅಲ್ಲಿ ಆಗಾಗ ಕಾಣುವ ಕವಲುಗಳನ್ನು ಮಾತ್ರ ಆ ತಾಣದ ನನ್ನ ಸ್ಟಡಿಗೆ (ನಡೆಗಳ ಟಿಪ್ಪಣಿ ಪುಸ್ತಕಕ್ಕೆ) ಸೇರಿಸಿ, ಪ್ರತಿ ನಡೆಯ ಕೆಳಗೆ ಕನ್ನಡದಲ್ಲೇ ಒಂದು ಸಾಲು ಕಾರಣ ಬರೆಯುತ್ತೇನೆ. ಕಾರಣ ಬರೆಯಲು ಬಾರದ ನಡೆಯನ್ನು ಪುನರಾವರ್ತನೆಯ ಪಟ್ಟಿಗೆ ಹಾಕುವುದಿಲ್ಲ. ಗ್ರಂಥಸ್ಥ ವಿಶ್ಲೇಷಣೆ ಇಪ್ಪತ್ತನೆಯ ನಡೆಯವರೆಗೂ ಸಾಗಬಹುದು, ಆದರೆ ನನ್ನ ಎದುರಾಳಿಗಳು ಅಷ್ಟು ದೂರ ಅದರ ಜೊತೆ ಬರುವುದಿಲ್ಲ.

ಸದ್ಯಕ್ಕೆ ಕ್ಯಾರೊ-ಕಾನ್‌ನ ಇನ್ನೊಂದು ಕವಲಾದ ಪನೋವ್ ಅಟ್ಯಾಕ್ ಬಾಕಿಯಿದೆ. ಡಿ5ರಲ್ಲಿ ಕಾಲಾಳುಗಳು ಅದಲುಬದಲಾದ ಮೇಲೆ ಬಿಳಿ ಸಿ4 ಆಡುವ ಈ ಕವಲಿನಲ್ಲಿ ಬಹುಪಾಲು ಬಿಳಿಯ ಡಿ4 ಕಾಲಾಳು ಅಕ್ಕಪಕ್ಕದ ಕಾಲಾಳುಗಳ ಬೆಂಬಲವಿಲ್ಲದೆ ಒಂಟಿಯಾಗುತ್ತದೆ, ಆಟದ ಸ್ವರೂಪವೇ ಬದಲಾಗುತ್ತದೆ. ಅಂತಹ ಕಾಲಾಳನ್ನು ಡಿ5ರಲ್ಲಿ ಕುದುರೆ ನಿಲ್ಲಿಸಿ ತಡೆಯುವ ಕೆಲವು ಪೂರ್ತಿ ಆಟಗಳನ್ನು ಮೊದಲು ಹಲಗೆಯ ಮೇಲೆ ಕಾಯಿಗಳನ್ನಿಟ್ಟು ನಡೆಸಿ ನೋಡುತ್ತಿದ್ದೇನೆ. ತಂತ್ರಾಂಶದ ಸರದಿ ಆಮೇಲೆ.