ನ್ಯಾರೋ ಗೇಜ್ ನಡಿಗೆ, ಮೂರನೆಯ ಭಾನುವಾರ: ಮೂವತ್ತು ಅಂಗುಲ ಸಿಕ್ಕಿತು

ಹಳೆಯ ನ್ಯಾರೋ ಗೇಜ್, ಅಂದರೆ ಕಿರಿದಾದ ಹಳಿಯ ರೈಲಿನ ಗುರುತು ಹುಡುಕುವ ನಮ್ಮ ನಡಿಗೆಗೆ ಈ ಸಲ ಒಂಬತ್ತು ಜನ. ಬೆಳಿಗ್ಗೆ ಆರೂವರೆಗೆ ಚಿಕ್ಕಬಳ್ಳಾಪುರ ರೈಲು ನಿಲ್ದಾಣದ ಎದುರು ಸೇರಿ, ಚಹಾ ಕುಡಿದು ನಂದಿ ಹಾಲ್ಟ್ ಕಡೆಗೆ ಹೊರಟೆವು. ಹಳಿಯ ಮೇಲೆ ಯಾರೂ ಕಾಲಿಡಬಾರದು ಎಂಬುದು ಮೊದಲ ದಿನದಿಂದಲೂ ನಮ್ಮ ಕಟ್ಟುಪಾಡು. ಹೊಲದ ಬದು, ಬಂಡಿಜಾಡು ಹಿಡಿದೇ ನಡೆದೆವು. ಎಂಟು ಗಂಟೆಯವರೆಗೂ ಮಂಜಿನಲ್ಲಿ ನಂದಿಬೆಟ್ಟ ಕಾಣಲೇ ಇಲ್ಲ.

ಹೊಸದಾಗಿ ಸೇರಿದವರಿಗಾಗಿ ಒಂದು ಮಾತು. ಯಲಹಂಕದಿಂದ ಇಲ್ಲಿಗೆ ಪುಟ್ಟ ರೈಲು ಬಂದದ್ದು 1915ರಲ್ಲಿ, ಪಕ್ಕದ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ. ಅದರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಎರಡೂವರೆ ಅಡಿ (762 ಮಿಲಿಮೀಟರ್). ಈಗಿನ ಬ್ರಾಡ್ ಗೇಜ್ 1,676. ಹಳೆಯ ಏರಿಯ ಮೇಲೇ ದೊಡ್ಡ ಹಳಿ ಬಂದ ಕಡೆ ಗುರುತು ಉಳಿಯುವುದಿಲ್ಲ. ಹಿಂದಿನ ಎರಡು ಭಾನುವಾರ ನಮ್ಮ ಟೇಪಿಗೆ ಕೆಲಸವೇ ಇರಲಿಲ್ಲ.

ಈ ಬಾರಿ ಸಿಕ್ಕಿದ್ದು ಹಳಿಯ ಪಕ್ಕದಲ್ಲಲ್ಲ, ದನದ ಕೊಟ್ಟಿಗೆಯಲ್ಲಿ. ನೀರು ಕೇಳಲು ನಿಂತ ಮನೆಯ ಕೊಟ್ಟಿಗೆಗೆ ಹೊಸ್ತಿಲಾಗಿ ಕಪ್ಪನೆಯ ದಪ್ಪ ಮರ ಹಾಕಿದ್ದರು.

"ತಾತಾ, ಇದು ರೈಲುಹಳಿಯ ಕೆಳಗೆ ಅಡ್ಡ ಹಾಕುವ ಸ್ಲೀಪರ್ ಅಲ್ಲವೇ?"

"ಹೌದಪ್ಪಾ. ನಮ್ಮಪ್ಪ ಹರಾಜಿನಲ್ಲಿ ತಂದು ಹಾಕಿದ್ದು. ಇವತ್ತಿಗೂ ಗೆದ್ದಲು ಮುಟ್ಟಿಲ್ಲ ನೋಡು."

ಮೊಳೆಯ ತೂತುಗಳಲ್ಲಿ ಸಗಣಿ, ಮಣ್ಣು ಗಟ್ಟಿಯಾಗಿ ಕೂತಿತ್ತು. ಅಜ್ಜಿ ಕೊಟ್ಟ ತೆಂಗಿನಗರಿಯ ಕಡ್ಡಿಯಿಂದ ನಿಧಾನವಾಗಿ ಕೆದಕಿದೆವು. ಆ ಕಡೆ ಎರಡು, ಈ ಕಡೆ ಎರಡು ತೂತು. ಅಳೆದಾಗ ಒಳಗಿನ ಜೋಡಿಯ ನಡುವೆ 28 ಅಂಗುಲ, ಹೊರಗಿನ ಜೋಡಿಯ ನಡುವೆ 35 ಚಿಲ್ಲರೆ. ಹಳಿಯ ಪಾದ, ಅಂದರೆ ಕೆಳಭಾಗ, ಅಗಲ; ಚಕ್ರ ಉರುಳುವ ತಲೆ ಕಿರಿದು. ಮೊಳೆ ಕೂರುವುದು ಪಾದದ ಅಂಚಿಗೆ, ಗೇಜ್ ಅಳೆಯುವುದು ಒಂದು ತಲೆಯ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ. ಹಾಗಾಗಿ ತಲೆಯ ಅಗಲ ತಿಳಿಯದೆ ಲೆಕ್ಕ ಮುಗಿಯುವಂತಿರಲಿಲ್ಲ.

ತಾತ ಏನೂ ಹೇಳದೆ ಹಿತ್ತಲಿಗೆ ಕರೆದೊಯ್ದರು. ದ್ರಾಕ್ಷಿ ಚಪ್ಪರದ ಮೂಲೆಯಲ್ಲಿ ಕಂಬವಾಗಿ ನಿಂತಿದ್ದದ್ದು ಅದೇ ಹಳಿಯ ತುಂಡು! ತುಕ್ಕು ಉಜ್ಜಿ ಅಳೆದರೆ ತಲೆ ಒಂದೂಮುಕ್ಕಾಲು ಅಂಗುಲ. ತೂತುಗಳ ಎರಡೂ ಅಳತೆಗಳ ಸರಾಸರಿ ಎಂದರೆ ಒಂದು ಹಳಿಯ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಇರುವ ದೂರ; ಅದರಿಂದ ತಲೆಯ ಅಗಲವನ್ನು ಕಳೆದಾಗ ಉಳಿದದ್ದು ಮೂವತ್ತು ಅಂಗುಲ, ಸರಿಯಾಗಿ ಎರಡೂವರೆ ಅಡಿ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಸಂಖ್ಯೆ ಸಗಣಿ ಮೆತ್ತಿದ ಮರದಿಂದ ಎದ್ದು ಬಂದಾಗ ನನಗೆ ಮೈ ಜುಮ್ಮೆಂದಿತು. ನಮ್ಮಲ್ಲಿ ಅತಿ ಚಿಕ್ಕವಳು, ಎಂಟನೆಯ ತರಗತಿಯ ಹುಡುಗಿ, ತಾನೇ ಇನ್ನೊಮ್ಮೆ ಅಳೆದು ನೋಡಿದ ಮೇಲೆಯೇ ನೋಟ್‌ಬುಕ್‌ನಲ್ಲಿ ಬರೆದುಕೊಂಡಳು.

ಅವರೆಕಾಳಿನ ಉಪ್ಪಿಟ್ಟು ತಿನ್ನದೆ ಹೋಗಲು ಅಜ್ಜಿ ಬಿಡಲಿಲ್ಲ. ನಂದಿ ಹಾಲ್ಟ್ ತಲುಪುವಾಗ ಹನ್ನೊಂದಾಗಿತ್ತು. ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ದುರಸ್ತಿ ಮಾಡಿರುವ ಹಳೆಯ ನಿಲ್ದಾಣದ ಕಟ್ಟಡ ಚೆನ್ನಾಗಿದೆ, ಆದರೆ ನಮ್ಮೆಲ್ಲರ ಮನಸ್ಸು ಇನ್ನೂ ಆ ಹೊಸ್ತಿಲಿನಲ್ಲೇ ಇತ್ತು.

ಮುಂದಿನ ನಡಿಗೆ ಕೋಲಾರದ ದಿಕ್ಕಿಗೆ, 2013ರಲ್ಲಿ ಬ್ರಾಡ್ ಗೇಜ್ ಆಗಿ ಮತ್ತೆ ತೆರೆದ ಮಾರ್ಗದ ಪಕ್ಕ. ಟೇಪಿನ ಜೊತೆ ಒಂದು ತಂತಿ ಬ್ರಷ್ಷೂ ಇರಲಿ. ಇನ್ನು ಮೇಲೆ ಕೊಟ್ಟಿಗೆ, ಚಪ್ಪರ, ಬಾವಿಕಟ್ಟೆ ಯಾವುದನ್ನೂ ಕೇಳದೆ ದಾಟುವುದಿಲ್ಲ.