ಮನೆಯೊಳಗೆ ಬಿಸಿಲೇ ಬರುವುದಿಲ್ಲ, ಯಾವ ಗಿಡ ಇಡಲಿ?

ಅಪಾರ್ಟ್‌ಮೆಂಟಿಗೆ ಬಂದ ಗೆಳೆಯರೆಲ್ಲ ಕೇಳುವ ಪ್ರಶ್ನೆ ಇದು. ಗಿಡದ ಹೆಸರು ಹೇಳುವ ಮೊದಲು ನಾನೇ ತಿರುಗಿ ಕೇಳುತ್ತೇನೆ: ಕಿಟಕಿ ಯಾವ ದಿಕ್ಕಿಗಿದೆ, ಕುಂಡ ಅದರಿಂದ ಎಷ್ಟು ದೂರದಲ್ಲಿದೆ?

ಬೆಳಕಿನ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್; ನಡುಮಧ್ಯಾಹ್ನದ ಬಯಲು ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯಿಂದ ಹತ್ತಡಿ ಒಳಗಿನ ಮೂಲೆಯಲ್ಲಿ ನೂರಿನ್ನೂರು ಲಕ್ಸ್ ಸಿಕ್ಕರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ನಮಗೆ ಅಲ್ಲಿ ಪತ್ರಿಕೆ ಓದಲು ತೊಂದರೆಯಿಲ್ಲ. ಗಿಡಕ್ಕೆ ಮಾತ್ರ ಅದು ಉಪವಾಸ. ಸೊಳ್ಳೆ ಜಾಲರಿಯೂ ಎಲೆಯ ಮೇಲಿನ ಧೂಳೂ ಇದ್ದ ಬೆಳಕಿನಲ್ಲೇ ಪಾಲು ಕೇಳುತ್ತವೆ.

ದಿಕ್ಕಿನ ಬಗ್ಗೆ ಒಂದು ಮಾತು. 'ದಕ್ಷಿಣದ ಕಿಟಕಿಯೇ ಶ್ರೇಷ್ಠ' ಎಂಬ ಸಲಹೆ ಯುರೋಪಿನಂಥ ಜಾಗಕ್ಕೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಕಿಟಕಿಯೊಳಗೆ ಬಿಸಿಲು ಚೆನ್ನಾಗಿ ಚಾಚುವುದು ಚಳಿಗಾಲದಲ್ಲಿ. ವರ್ಷವಿಡೀ ನಂಬಬಹುದಾದದ್ದು ಪೂರ್ವದ ಎಳೆಬಿಸಿಲು. ಪಶ್ಚಿಮದ ಬೇಸಿಗೆ ಬಿಸಿಲಿಗೆ ಪೀಸ್ ಲಿಲ್ಲಿಯ ಎಲೆ ಸುಟ್ಟುಹೋಗುತ್ತದೆ, ತೆಳುಪರದೆ ಬೇಕು.

ಬೆಳಕು ಸಾಲದು ಎಂಬುದನ್ನು ಮನಿಪ್ಲಾಂಟ್ ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ಬಳ್ಳಿಯ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗಿ ಬಿಚ್ಚಿಕೊಳ್ಳುತ್ತದೆ, ಹಳದಿ ಪಟ್ಟೆಗಳು ಹಸಿರಲ್ಲಿ ಕರಗುತ್ತವೆ. ಅದನ್ನು ಕಂಡು ಗೊಬ್ಬರ ಹಾಕಬೇಡಿ, ಕುಂಡವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ. ನೀರಿನ ಕೈಯನ್ನೂ ಬಿಗಿಹಿಡಿಯಿರಿ: ಬೆಳಕು ಕಡಿಮೆಯಾದರೆ ಗಿಡ ನೀರು ಹೀರುವುದೂ ಕಡಿಮೆ, ಮಣ್ಣು ಒದ್ದೆಯಾಗಿಯೇ ಉಳಿದು ಬೇರು ಕೊಳೆಯುತ್ತದೆ.

ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್ ನೆರಳಲ್ಲೇ ಬೆಳೆಯುತ್ತವೆ ಎನ್ನುತ್ತಾರೆ. ಅವು ನೆರಳನ್ನು ತಾಳಿಕೊಳ್ಳುತ್ತವೆ, ಅಷ್ಟೇ. ಕ್ರೋಟನ್ ಅಷ್ಟನ್ನೂ ತಾಳದೆ ಎಲೆ ಉದುರಿಸುತ್ತದೆ, ಬಣ್ಣವೂ ಮಂಕಾಗುತ್ತದೆ.

ನಿಜಕ್ಕೂ ಕತ್ತಲೆಯ ಕೋಣೆಯಾದರೆ ಎಲ್‌ಇಡಿ ದೀಪವೇ ಗತಿ. ಗಿಡಗಳಿಗೆಂದೇ ಮಾರುವ ನೇರಳೆ ಬಣ್ಣದ್ದೇ ಆಗಬೇಕಿಲ್ಲ, ಒಳ್ಳೆಯ ಬಿಳಿ ದೀಪ ಸಾಕು. ಎಲೆಗಳಿಂದ ಅಡಿಯೊಂದು ಮೇಲಿಟ್ಟು ದಿನಕ್ಕೆ ಸುಮಾರು 12 ಗಂಟೆ ಉರಿಸಿ, ರಾತ್ರಿ ಮರೆಯದೆ ಆರಿಸಿ.